ಬಿಸಿಯಾದ ಮೇಲೆ ನಿಲ್ಲುವ ಮಸ್ಟಾಂಗ್ 289: ಕಾಯಿಲೋ, ಪಾಯಿಂಟೋ, ಪೆಟ್ರೋಲೋ?

ಚಿಂಚವಾಡ_289

ನಮಸ್ಕಾರ್ರಿ. ಗಾಡಿ 1967ರ ಫೋರ್ಡ್ ಮಸ್ಟಾಂಗ್. ಎಂಜಿನ್ 289 ಘನ ಇಂಚಿನ ವಿ8, ಎರಡು ಬ್ಯಾರೆಲ್ಲಿನ ಆಟೊಲೈಟ್ 2100 ಕಾರ್ಬೊರೇಟರ್, ಸಿ4 ಆಟೊಮ್ಯಾಟಿಕ್. ಡಿಸ್ಟ್ರಿಬ್ಯೂಟರ್ (ಪ್ಲಗ್‌ಗಳಿಗೆ ಕಿಡಿ ಹಂಚುವ ಭಾಗ) ಕಂಪನಿಯದೇ, ಪಾಯಿಂಟ್ (ಕಾಯಿಲಿನ ಕರೆಂಟ್ ಕಡಿದು ಕಿಡಿ ಹುಟ್ಟಿಸುವ ಸ್ವಿಚ್) ಇರುವಂಥದ್ದು.

ಬೆಳಗ್ಗೆ ತಣ್ಣಗಿದ್ದಾಗ ಸೆಲ್ಫ್ ಮುಟ್ಟಿದರೆ ಸಾಕು, ಸ್ಟಾರ್ಟ್. ಪುಣೆ ಟ್ರಾಫಿಕ್‌ನಲ್ಲಿ 25 ನಿಮಿಷ ಓಡಿದ ಮೇಲೆ ಮಿಸ್ಸಿಂಗ್ ಶುರು, ಮುಂದಿನ ಸಿಗ್ನಲ್ಲಿಗೆ ಬಂದ್. ಅರ್ಧ ತಾಸು ಬಿಟ್ಟರೆ ಏನೂ ಆಗಿಲ್ಲವೆಂಬಂತೆ ಮತ್ತೆ ಸ್ಟಾರ್ಟ್ ಆಗುತ್ತದೆ. ನಿಂತಾಗ ಕಾಯಿಲ್ (ಕಿಡಿಗೆ ಬೇಕಾದ ಹೈ ವೋಲ್ಟೇಜ್ ಕೊಡುವ ಸುರುಳಿ) ಮೇಲೆ ಕೈ ಇಡಲು ಆಗುವುದಿಲ್ಲ. ಕಾಯಿಲ್ ಎರಡು ಸಲ ಬದಲಾಗಿದೆ. ಹೊಸ ಪಾಯಿಂಟ್ 400 ಕಿ.ಮೀ. ಒಳಗೇ ನೀಲಿಗಪ್ಪಾಗಿದೆ.

ಅಳತೆಗಳು: ಕೀ ಆನ್, ಎಂಜಿನ್ ಬಂದ್, ಪಾಯಿಂಟ್ ಮುಚ್ಚಿದ್ದಾಗ ಕಾಯಿಲ್ ಪಾಸಿಟಿವ್‌ನಲ್ಲಿ 12.1 ವೋಲ್ಟ್. ಕಾಯಿಲ್ ಪ್ರೈಮರಿ 1.6 ಓಮ್. ಪ್ಲಗ್ ಗ್ಯಾಪ್ 0.86 ಮಿ.ಮೀ.

ಇನ್ನೊಂದು ವಿಚಿತ್ರ. ಟೈಮಿಂಗ್ ಲೈಟ್ ಹಿಡಿದು ಪುಸ್ತಕದ ಪ್ರಕಾರ ಕಿಡಿಯನ್ನು ಟಿಡಿಸಿಗೆ (ಪಿಸ್ಟನ್ ತುತ್ತತುದಿ ಮುಟ್ಟುವ ಜಾಗ) 6 ಡಿಗ್ರಿ ಮೊದಲು ಇಟ್ಟರೆ ಗಾಡಿ ಮಂಕಾಗುತ್ತದೆ. 14ಕ್ಕೆ ತಂದರೆ ಮಾತ್ರ ಜೀವ ಬರುತ್ತದೆ. ಪಾಯಿಂಟ್ ಕಿತ್ತು ಎಲೆಕ್ಟ್ರಾನಿಕ್ ಕಿಟ್ ಹಾಕಿಬಿಡಲೇ?

ಡೊಂಬಿವ್ಲಿ_ಡ್ವೆಲ್

ಕಿಟ್ ಆಮೇಲೆ ನೋಡುವ ಮಾರಾಯ್ರೆ. ನಿಮ್ಮ ಉತ್ತರ ಆ 12.1ರಲ್ಲೇ ಉಂಟು.

ಈ ಫೋರ್ಡ್‌ಗಳಲ್ಲಿ ಕೀ ಸ್ವಿಚ್ಚಿನಿಂದ ಕಾಯಿಲ್‌ಗೆ ಹೋಗುವುದು ಸಾಮಾನ್ಯ ವೈರ್ ಅಲ್ಲ. ಗುಲಾಬಿ ಬಣ್ಣದ ಒಂದು ರೆಸಿಸ್ಟೆನ್ಸ್ ವೈರ್ ಡ್ಯಾಶ್‌ಬೋರ್ಡಿನ ಕೆಳಗೆ ಓಡುತ್ತದೆ, ಸುಮಾರು 1.35 ಓಮ್. ಅದನ್ನು ಮಾಮೂಲಿ ವೈರ್ ಎಂದುಕೊಂಡು, "ಸುಟ್ಟ ಹಾಗೆ ಕಾಣುತ್ತದೆ" ಎಂದು ಕತ್ತರಿಸಿ ತಾಮ್ರದ ವೈರ್ ಎಳೆಯುವುದು ಇಲ್ಲಿನ ಎಲೆಕ್ಟ್ರಿಷಿಯನ್‌ಗಳ ಹಳೆಯ ಅಭ್ಯಾಸ. ವೈರ್ ಸರಿ ಇದ್ದಿದ್ದರೆ ನೀವು ಅಳೆದ ಜಾಗದಲ್ಲಿ 5.5ರಿಂದ 7 ವೋಲ್ಟ್ ತೋರಿಸಬೇಕಿತ್ತು.

ಲೆಕ್ಕ ಹಾಕಿ. ಮೀಟರಿನ ಎರಡು ಲೀಡ್ ಒಂದಕ್ಕೊಂದು ಮುಟ್ಟಿಸಿದರೆ 0.2 ಓಮ್ ಬರುತ್ತದೆ, ಅದನ್ನು ಕಳೆದರೆ ನಿಮ್ಮ ಕಾಯಿಲ್ 1.4 ಓಮ್. ಅಂದರೆ ಕಾಯಿಲ್ ಸರಿಯಾದದ್ದೇ. 12.1 ವೋಲ್ಟ್ ನೇರವಾಗಿ ಕೊಟ್ಟರೆ 8.6 ಆಂಪಿಯರ್ ಹರಿಯುತ್ತದೆ, ಕಾಯಿಲಿನೊಳಗೆ 100 ವ್ಯಾಟ್‌ಗೂ ಹೆಚ್ಚು ಬಿಸಿ. ಮಧ್ಯೆ 1.35 ಓಮ್ ಇದ್ದರೆ 4.4 ಆಂಪಿಯರ್, 27 ವ್ಯಾಟ್. ಕಾಯಿಲ್ ಸುಡುವುದೂ ಪಾಯಿಂಟ್ ನೀಲಿಯಾಗುವುದೂ ಒಂದೇ ಕಾಯಿಲೆ. ಮೂರನೇ ಕಾಯಿಲ್ ತಂದರೆ ಅದೂ ಹೀಗೇ ಹೋದೀತು.

ಮಾಡಬೇಕಾದ್ದು ಇಷ್ಟು. ಗುಲಾಬಿ ವೈರ್ ಹುಡುಕಿಕೊಂಡು ಡ್ಯಾಶ್ ಬಿಚ್ಚುವುದು ಬೇಡ. ಹೊರಗಿನಿಂದ ಬ್ಯಾಲಸ್ಟ್ (ಆ ವೈರಿನ ಬದಲು ಕರೆಂಟ್ ತಗ್ಗಿಸುವ ರೆಸಿಸ್ಟರ್) ಹಾಕಿ. ಅಮೆರಿಕದಿಂದ ಪಿಂಗಾಣಿಯ ಬ್ಯಾಲಸ್ಟ್ ತರಿಸಿದರೆ ಒಳ್ಳೆಯದು. ಇಲ್ಲವಾದರೆ ನಿಮ್ಮ ಪುಣೆಯ ತಾಪಕೀರ್ ಗಲ್ಲಿಯಲ್ಲೋ ಇಲ್ಲಿ ಮುಂಬೈಯ ಲ್ಯಾಮಿಂಗ್ಟನ್ ರೋಡಿನಲ್ಲೋ 1.5 ಓಮ್, 50 ವ್ಯಾಟ್, ಅಲ್ಯೂಮಿನಿಯಂ ಕವಚದ ವೈರ್‌ವೌಂಡ್ ರೆಸಿಸ್ಟರ್ ಕೇಳಿ. ಫೈರ್‌ವಾಲಿನ ಬರೀ ತಗಡಿಗೆ ಬಿಗಿಯಬೇಕು. ತಗಡೇ ಅದರ ಬಿಸಿ ಹೀರುತ್ತದೆ. ಹತ್ತಿರದಲ್ಲಿ ವೈರ್ ಗೊಂಚಲು, ಪೆಟ್ರೋಲ್ ಹೋಸ್ ಇರಕೂಡದು.

ಎರಡನೇ ವೈರನ್ನು ಹೆಚ್ಚಿನವರು ಮರೆಯುತ್ತಾರೆ. ಸ್ಟಾರ್ಟರ್ ರಿಲೇಯಲ್ಲಿ ಎರಡು ಸಣ್ಣ ಸ್ಟಡ್ ಉಂಟು, ಎಸ್ ಮತ್ತು ಐ. ಐ ಸ್ಟಡ್‌ನಿಂದ ಒಂದು ವೈರ್ ನೇರ ಕಾಯಿಲ್ ಪಾಸಿಟಿವ್‌ಗೆ ಬರಬೇಕು. ಸೆಲ್ಫ್ ಹೊಡೆಯುವಾಗ ಬ್ಯಾಟರಿ 10 ವೋಲ್ಟ್‌ಗೆ ಕುಸಿಯುತ್ತದೆ. ಆ ಹೊತ್ತಿಗೆ ಮಾತ್ರ ಬ್ಯಾಲಸ್ಟ್ ದಾಟಿಸಿ ಪೂರ್ತಿ ಕರೆಂಟ್ ಕೊಡುವುದು ಆ ವೈರಿನ ಕೆಲಸ. ಅದು ಇಲ್ಲದೆ ಬ್ಯಾಲಸ್ಟ್ ಹಾಕಿದರೆ ಬೆಳಗ್ಗಿನ ಸ್ಟಾರ್ಟಿಂಗ್ ಕೆಡುತ್ತದೆ. ಆಗ "ಬ್ಯಾಲಸ್ಟ್ ದಂಡ" ಎಂದು ಯಾರೋ ಕಿತ್ತು ಬಿಸಾಡುತ್ತಾರೆ, ಮತ್ತೆ ಕತೆ ಮೊದಲಿನಿಂದ.

ಇದರ ಉಲ್ಟಾ ತಪ್ಪೂ ಉಂಟು. ಗುಲಾಬಿ ವೈರ್ ಇರುವ ಗಾಡಿಗೆ ಊರಿನ ಹಳೆ ಕಾರುಗಳ ಬ್ಯಾಲಸ್ಟ್ ಬೇಡದ 3 ಓಮ್ ಕಾಯಿಲ್ ಹಾಕಿದರೆ 3 ಆಂಪಿಯರ್ ಕೂಡ ಸಿಗುವುದಿಲ್ಲ. ಕಿಡಿ ಬಡಕಲಾಗುತ್ತದೆ, ಘಾಟಿಯಲ್ಲಿ ಆಕ್ಸಿಲರೇಟರ್ ಒತ್ತಿದಾಗ ಮಿಸ್.

ಈಗ ಪಾಯಿಂಟ್. ಗ್ಯಾಪ್ 0.017 ಇಂಚು, ಅಂದರೆ 0.43 ಮಿ.ಮೀ. ಕ್ಯಾಮಿನ ತುದಿ ಪಾಯಿಂಟಿನ ಹೀಲ್‌ಗೆ ನೆಟ್ಟಗೆ ಬಂದಾಗ ಅಳೆಯಿರಿ. ಡ್ವೆಲ್, ಅಂದರೆ ಡಿಸ್ಟ್ರಿಬ್ಯೂಟರ್ ತಿರುಗುವಾಗ ಪಾಯಿಂಟ್ ಮುಚ್ಚಿರುವ ಕೋನ, 26ರಿಂದ 31 ಡಿಗ್ರಿ. ಹೊಸ ಪಾಯಿಂಟಿಗೆ ಕಾರ್ಖಾನೆಯ ಎಣ್ಣೆ ಮೆತ್ತಿರುತ್ತದೆ, ದಪ್ಪ ಕಾಗದ ತೂರಿಸಿ ಒರೆಸಿ. ಕ್ಯಾಮಿಗೆ ಅಕ್ಕಿ ಕಾಳಿನಷ್ಟು ಗ್ರೀಸ್ ಸಾಕು. ಹೆಚ್ಚಾದರೆ ಎರಚಿ ಪಾಯಿಂಟಿನ ಮೇಲೇ ಕೂರುತ್ತದೆ. ಆಮೇಲೆ ಪಾಯಿಂಟ್ ಮುಚ್ಚಿದ್ದಾಗ ಕಾಯಿಲ್ ನೆಗೆಟಿವ್‌ನಿಂದ ಬಾಡಿಗೆ ವೋಲ್ಟ್ ಅಳೆಯಿರಿ. 0.2 ಮೀರಿದರೆ ಪಾಯಿಂಟ್ ಕೊಳಕು, ಅಥವಾ ಡಿಸ್ಟ್ರಿಬ್ಯೂಟರಿನೊಳಗಿನ ಸಣ್ಣ ಅರ್ಥ್ ವೈರ್ ಹರಿದಿದೆ. ವ್ಯಾಕ್ಯೂಮ್ ಅಡ್ವಾನ್ಸ್ (ಎಂಜಿನ್ನಿನ ಎಳೆತದಿಂದ ಕಿಡಿಯನ್ನು ಮುಂಚೆ ತರುವ ಭಾಗ) ಎಳೆದಾಗಲೆಲ್ಲ ಆ ವೈರ್ ಮಡಚುತ್ತದೆ, 50 ವರ್ಷಕ್ಕೆ ಹೊರಗಿನ ಬಟ್ಟೆ ಮಾತ್ರ ಉಳಿದಿರುತ್ತದೆ.

ಕಂಡೆನ್ಸರ್ (ಪಾಯಿಂಟ್ ಸುಡದಂತೆ ಕಾಯುವ ಕೆಪಾಸಿಟರ್) 0.21ರಿಂದ 0.25 ಮೈಕ್ರೊಫ್ಯಾರಡ್. ಮೀಟರಿಗೆ ಹಚ್ಚಿ, ಕೂದಲು ಒಣಗಿಸುವ ಡ್ರೈಯರ್‌ನಿಂದ ಬಿಸಿ ಮಾಡುತ್ತಾ ನೋಡಿ. ಬಿಸಿಯಾದಾಗ ಅಂಕಿ ಓಡಾಡಿದರೆ ಕಸದ ಬುಟ್ಟಿಗೆ. ಈಗ ಬರುವ ಹೊಸ ಕಂಡೆನ್ಸರ್‌ಗಳ ಮೇಲೆ ಕಣ್ಣು ಮುಚ್ಚಿ ನಂಬಿಕೆ ಇಡಬೇಡಿ. ಹಳೆಯದು ಅಳತೆಯಲ್ಲಿ ಪಾಸಾದರೆ ಅದೇ ಇರಲಿ.

ವಾಸ್ಕೊದ_ಉಪ್ಪುಗಾಳಿ

ಡೊಂಬಿವ್ಲಿಯವರ ಲೆಕ್ಕ ಸರಿ. ಆದರೂ ಒಂದು ತಕರಾರು. ಬಿಸಿಯಾಗಿ ನಿಂತು, ತಣ್ಣಗಾಗಿ ಏಳುವ ಗಾಡಿಯಲ್ಲಿ ಪೆಟ್ರೋಲ್ ಆವಿಯಾಗುವ ದೋಷವೂ ಇದೇ ವೇಷದಲ್ಲಿ ಬರುತ್ತದೆ. ಈಗ ಎಲ್ಲ ಬಂಕಿನಲ್ಲೂ ಇ20, ಅಂದರೆ 20 ಶೇಕಡಾ ಎಥನಾಲ್ ಬೆರೆತ ಪೆಟ್ರೋಲ್. ಎರಡೂ ದೋಷ ಒಟ್ಟಿಗೆ ಇರಬಾರದು ಎಂದೇನೂ ಇಲ್ಲ.

ಬೇರ್ಪಡಿಸುವುದು ಸುಲಭ, ಆದರೆ ಗಾಡಿ ಸಾಯುವ ಹೊತ್ತಿಗೇ ಮಾಡಬೇಕು. ಅರ್ಧ ತಾಸು ಬಿಟ್ಟು ಮಾಡಿದರೆ ಎಲ್ಲವೂ ಸರಿಯಾಗೇ ಕಾಣುತ್ತದೆ. ಟೈಮಿಂಗ್ ಲೈಟಿನ ಕ್ಲಿಪ್ಪನ್ನು ಕಾಯಿಲ್‌ನಿಂದ ಡಿಸ್ಟ್ರಿಬ್ಯೂಟರಿಗೆ ಹೋಗುವ ದಪ್ಪ ವೈರಿಗೆ ಸಿಕ್ಕಿಸಿ ಬಾನೆಟ್ ಕೆಳಗೇ ಬಿಡಿ. ಮಿಸ್ಸಿಂಗ್ ಬಂದ ಕೂಡಲೇ ಪಕ್ಕಕ್ಕೆ ಹಾಕಿ ಬಾನೆಟ್ ಎತ್ತಿ, ಇನ್ನೊಬ್ಬರು ಸೆಲ್ಫ್ ಹೊಡೆಯಲಿ. ಲೈಟ್ ಮಿಂಚದಿದ್ದರೆ ಕರೆಂಟಿನ ದೋಷ. ಮಿಂಚುತ್ತಿದ್ದರೆ ಏರ್ ಕ್ಲೀನರ್ ತೆಗೆದು ಕಾರ್ಬೊರೇಟರಿನ ಗಂಟಲಿಗೆ ಇಣುಕಿ ಥ್ರಾಟಲ್ ಎಳೆಯಿರಿ. ಎರಡು ಸಣ್ಣ ಧಾರೆ ಚಿಮ್ಮಬೇಕು. ಒಣಗಿದ್ದರೆ ಬೌಲ್ (ಕಾರ್ಬೊರೇಟರಿನಲ್ಲಿ ಪೆಟ್ರೋಲ್ ನಿಲ್ಲುವ ಬಟ್ಟಲು) ಖಾಲಿ. ಎಳೆಯದೆಯೇ ಒಳಗೆ ತೊಟ್ಟಿಕ್ಕುತ್ತಿದ್ದರೆ ಬೌಲಿನ ಪೆಟ್ರೋಲ್ ಕುದಿದು ಉಕ್ಕುತ್ತಿದೆ. ಆಗ ಕಾರ್ಬೊರೇಟರ್ ಕೆಳಗೆ ಬಿಸಿ ತಡೆಯುವ ಫಿನಾಲಿಕ್ ಸ್ಪೇಸರ್ ಬೇಕು. ಸ್ಪೇಸರ್ ಏರಿಸಿದರೆ ಏರ್ ಕ್ಲೀನರ್ ಬಾನೆಟ್ಟಿಗೆ ತಾಗುತ್ತದೆಯೋ ಮೊದಲು ನೋಡಿಕೊಳ್ಳಿ.

ಇ20ಗೆ ಇನ್ನೂ ಎರಡು ಮಾತು. ಪಂಪ್ ಡಯಾಫ್ರಾಮ್, ಪವರ್ ವಾಲ್ವ್ ಹಳೆಯ ರಬ್ಬರಿನದಾದರೆ ಎಥನಾಲ್ ತಡೆಯುವುದಿಲ್ಲ, ಉಬ್ಬಿ ಸೋರುತ್ತವೆ. ಎಥನಾಲ್ ತಡೆಯುವ ಕಿಟ್ ಎಂದು ಬರೆದಿರುವುದನ್ನೇ ತರಿಸಿ, ಹೋಸ್ ಕೂಡ 30ಆರ್9 ಗುರುತಿನದು. ಜೆಟ್ (ಪೆಟ್ರೋಲ್ ಅಳೆದು ಬಿಡುವ ತೂತಿನ ತುಣುಕು) ವಿಷಯ: ಶುದ್ಧ ಪೆಟ್ರೋಲಿಗೆ 14.7 ಪಾಲು ಗಾಳಿ ಸಾಕಾದರೆ ಇ20ಗೆ ಸುಮಾರು 13.5. ಹಳೆಯ ಜೆಟ್ಟಿನಲ್ಲೇ ಓಡಿಸಿದರೆ ಮಿಶ್ರಣ ತೆಳು, ಪ್ಲಗ್ ಬೆಳ್ಳಗೆ, ಎಂಜಿನ್ ಇನ್ನಷ್ಟು ಬಿಸಿ. ಆಟೊಲೈಟ್ ಜೆಟ್ಟಿನ ಅಂಕಿ ಅಂದರೆ ತೂತಿನ ವ್ಯಾಸ, ಇಂಚಿನ ಸಾವಿರದ ಲೆಕ್ಕ. 49 ಇದ್ದಲ್ಲಿ 51 ಹಾಕಿದರೆ ತೂತಿನ ವಿಸ್ತಾರ 8 ಶೇಕಡಾ ಹೆಚ್ಚುತ್ತದೆ. ಗೋವಾ, ಮುಂಬೈಗೆ ಅದು ಸರಿ. ಪುಣೆ 560 ಮೀಟರ್ ಎತ್ತರದಲ್ಲಿದೆ, ಗಾಳಿ ತೆಳುವಾದ್ದರಿಂದ ಮಿಶ್ರಣ ತಾನಾಗಿ ಸ್ವಲ್ಪ ದಪ್ಪವಾಗುತ್ತದೆ. ನಿಮಗೆ 50 ಸಾಕಾಗಬಹುದು. ಪ್ಲಗ್ ಬಣ್ಣ ನೋಡಿ ತೀರ್ಮಾನಿಸಿ.

ಮಳೆಗಾಲ ಬರುವ ಮೊದಲು ಡಿಸ್ಟ್ರಿಬ್ಯೂಟರ್ ಕ್ಯಾಪನ್ನು ಕತ್ತಲಲ್ಲಿ ನೋಡಿ. ಒಳಗೆ ಪೆನ್ಸಿಲಿನಿಂದ ಗೀಚಿದಂತೆ ಗೆರೆ ಕಂಡರೆ ಕಿಡಿ ದಾರಿ ಮಾಡಿಕೊಂಡಿದೆ ಎಂದರ್ಥ. ಕೆರೆದು ಒರೆಸಿದರೆ ಎರಡು ದಿನ ಓಡುತ್ತದೆ ಅಷ್ಟೆ, ಕ್ಯಾಪ್ ಬದಲಿಸಲೇಬೇಕು. ಕರಾವಳಿಯಲ್ಲಿ ಟರ್ಮಿನಲ್‌ಗಳಿಗೆ ಹಸಿರು ಕಿಲುಬು ಹಿಡಿಯುತ್ತದೆ, ವೈರ್ ಕೂರುವ ಬೂಟಿನೊಳಗೆ ಸಿಲಿಕೋನ್ ಗ್ರೀಸ್ ತೆಳುವಾಗಿ ಹಚ್ಚಿ. ಪ್ಲಗ್ ವೈರ್‌ಗಳನ್ನು ಓಮ್‌ನಲ್ಲಿ ಅಳೆದು, ಉದ್ದಕ್ಕೆ ಹೋಲಿಸಿ. ಒಂದು ಮಾತ್ರ ಉಳಿದವಕ್ಕಿಂತ ಎರಡು ಮೂರು ಪಟ್ಟು ತೋರಿಸಿದರೆ ಅದು ಒಳಗೆ ತುಂಡಾಗಿದೆ.

289ರ ಫೈರಿಂಗ್ ಆರ್ಡರ್ 1-5-4-2-6-3-7-8, ರೋಟರ್ ಎಡಕ್ಕೆ ತಿರುಗುತ್ತದೆ. ಕೊನೆಯ 7 ಮತ್ತು 8 ಪಕ್ಕಪಕ್ಕದ ಸಿಲಿಂಡರ್, ಒಂದರ ಹಿಂದೆ ಒಂದು ಕಿಡಿ. ಆ ಎರಡು ವೈರ್ ಅಂಟಿಕೊಂಡು ಓಡಿದರೆ 7ರ ಕಿಡಿ 8ಕ್ಕೆ ಹಾರುತ್ತದೆ. ಬೇರೆ ಬೇರೆ ಮಾಡಿ ಕಟ್ಟಿ.

ಚಿಂಚವಾಡ_289

ಟೈಮಿಂಗ್ ಲೈಟಿನ ಉಪಾಯ ಮಾಡಿ ನೋಡಿದೆ. ನಿಂತ ತಕ್ಷಣ ಸೆಲ್ಫ್ ಹೊಡೆದರೆ ಮಿಂಚೇ ಇಲ್ಲ. ಕಾರ್ಬೊರೇಟರಿನಲ್ಲಿ ಎರಡೂ ಧಾರೆ ಚೆನ್ನಾಗಿ ಬರುತ್ತಿವೆ. ರಿಲೇಯ ಐ ಸ್ಟಡ್ ಖಾಲಿ, ಅದಕ್ಕೆ ಯಾವ ವೈರೂ ಇಲ್ಲ.

ಇನ್ನೊಂದು: ಡ್ವೆಲ್ ನಿಲ್ಲುತ್ತಿಲ್ಲ. ವ್ಯಾಕ್ಯೂಮ್ ಪೈಪ್ ಕಿತ್ತು ಮುಚ್ಚಿ ಅಳೆದರೆ ಐಡಲ್‌ನಲ್ಲಿ 33, 2,000 ಆರ್‌ಪಿಎಂಗೆ 27. ಗ್ಯಾಪ್ ಸರಿಯಾಗೇ ಇಟ್ಟಿದ್ದೆ.

ಭೋಸರಿ_ಲೇಥ್

6 ಡಿಗ್ರಿ ಓಡಾಡ್ತದ ಅಂದ್ರ ಗ್ಯಾಪಿನ ತಪ್ಪಲ್ರೀ, ಡಿಸ್ಟ್ರಿಬ್ಯೂಟರಿನ ಬುಷ್ ಹೋಗೇದ. 3 ಡಿಗ್ರಿ ತನಕ ಬಿಟ್ಟುಬಿಡಬಹುದು, 6 ಅಂದ್ರ ಇಲ್ಲ. ಕ್ಯಾಪ್ ತೆಗೆದು ಶಾಫ್ಟ್ ತುದಿ ಹಿಡಿದು ಆಕಡೆ ಈಕಡೆ ಅಲ್ಲಾಡಿಸಿ ನೋಡ್ರಿ, ಕೈಗೇ ಆಟ ಸಿಗ್ತದ. ಡ್ವೆಲ್ 1 ಡಿಗ್ರಿ ಬದಲಾದ್ರ ಟೈಮಿಂಗೂ ಎಂಜಿನ್ ಮ್ಯಾಲೆ 1 ಡಿಗ್ರಿ ಸರಿತದ. ಅದಕ್ಕ ಯಾವಾಗ್ಲೂ ಮೊದಲು ಡ್ವೆಲ್, ಆಮ್ಯಾಲೆ ಟೈಮಿಂಗ್.

ಡಿಸ್ಟ್ರಿಬ್ಯೂಟರ್ ಹೊರಗ ತೆಗಿಯೂ ಮುಂದ ಇದನ್ನ ಓದ್ರಿ. ಎಂಜಿನ್ ಕೈಲೆ ತಿರುಗಿಸಿ 1ನೇ ಸಿಲಿಂಡರ್ ಕಂಪ್ರೆಷನ್ ಮ್ಯಾಲೆ ತರ್ರಿ. ರೋಟರ್ ಎಲ್ಲಿ ನೋಡ್ತದ ಅಂತ ಬಾಡಿ ಮ್ಯಾಲೆ ಗೀಟು ಹಾಕ್ರಿ, ಡಿಸ್ಟ್ರಿಬ್ಯೂಟರ್ ಬಾಡಿಗೂ ಬ್ಲಾಕಿಗೂ ಇನ್ನೊಂದು ಗೀಟು. ಹೋಲ್ಡ್‌ಡೌನ್ ಬೋಲ್ಟಿಗೆ ಅರ್ಧ ಇಂಚಿನ ಪಾನಾ. ಈಗ ಗಂಡಾಂತರದ ಜಾಗ: ಈ ಎಂಜಿನ್ನಿನ ಆಯಿಲ್ ಪಂಪ್ ತಿರುಗೂದು ಡಿಸ್ಟ್ರಿಬ್ಯೂಟರಿನ ಕೆಳಗಿರೋ ಕಾಲು ಇಂಚಿನ ಷಟ್ಕೋನದ ಸರಳಿನಿಂದ. ಡಿಸ್ಟ್ರಿಬ್ಯೂಟರ್ ಎತ್ತುವಾಗ ಗಟ್ಟಿಯಾದ ಎಣ್ಣಿಗೆ ಅಂಟಿಕೊಂಡು ಆ ಸರಳೂ ಮ್ಯಾಲೆ ಬರ್ತದ. ಅರ್ಧ ಬಂದು ಕೆಳಗ ಬಿತ್ತು ಅಂದ್ರ ನೇರ ಆಯಿಲ್ ಪ್ಯಾನ್‌ನ್ಯಾಗ, ಪ್ಯಾನ್ ಇಳಿಸದ ಬ್ಯಾರೆ ದಾರಿ ಇಲ್ಲ. ಅದಕ್ಕ ಸಾವಕಾಶ ಎತ್ತಿ, ತೂತಿಗೆ ಟಾರ್ಚ್ ಹಾಕಿ ಸರಳು ಕುಂತದೋ ನೋಡ್ಕೊಳ್ರಿ. ತಿರುಗಿ ಕೂಡಿಸುವಾಗ ಕೊನೆಯ ಕಾಲಿಂಚು ಕೂಡದಿದ್ರ ಬಡೀಬ್ಯಾಡ್ರಿ. ಸರಳಿನ ಮೂಲೆ ಹೊಂದಿಲ್ಲ ಅಷ್ಟ. ಬಾಡಿ ಮೆಲ್ಲಗ ಒತ್ತಿ ಹಿಡಿದು ಎಂಜಿನ್ ಕೈಲೆ ಸ್ವಲ್ಪ ತಿರುಗಿಸಿದ್ರ ತಾನೇ ಇಳೀತದ. ಬೋಲ್ಟ್ ಬಿಗಿದು ಎಳದ್ರ ಬಾಡಿ ಸೀಳತದ.

ಬುಷ್ ಹಾಕೂದು ಯಾವ ಛಲೋ ಲೇಥಿನ್ಯಾಗೂ ಆಗ್ತದ. ಎಣ್ಣಿ ಹೀರೋ ಸಿಂಟರ್ಡ್ ಕಂಚಿನ ಬುಷ್ ಕೇಳ್ರಿ, ರಾತ್ರಿಯಿಡೀ ಎಂಜಿನ್ ಆಯಿಲ್‌ನ್ಯಾಗ ನೆನಸ್ರಿ, ಆಮ್ಯಾಲೆ ಒತ್ತಿ ಕೂಡಿಸಿ ಶಾಫ್ಟಿಗೆ ತಕ್ಕಂಗ ರೀಮರ್ ಹೊಡೆಸ್ರಿ. ಕೆಳಗಿನ ಗೇರಿನ ಪಿನ್ ತೆಗಿಯೂ ಮುಂದ ಗೇರು ಮತ್ತು ಶಾಫ್ಟಿಗೆ ಗುರುತು ಹಾಕಿರಬೇಕು. ಬುಷ್ ಹಾಕ್ಸೂದರ ಜೋಡಿ ಒಳಗಿನ ಅಡ್ವಾನ್ಸ್ ತೂಕಗಳನ್ನೂ ಬಿಚ್ಚಿ ತೊಳಿಸ್ರಿ. ಜಡ್ಡುಗಟ್ಟಿದ ಗ್ರೀಸಿಗೆ ಅವು ಅಲ್ಲಾಡಂಗೇ ಇರೂದಿಲ್ಲ. ರೋಟರ್ ಕೈಲೆ ತಿರುವಿ ಬಿಟ್ರ ಟಣ್ಣಂತ ಹಿಂದ ಬರಬೇಕು. ಎಲ್ಲಾ ಕೂಡಿಸಿದ ಮ್ಯಾಲೆ 3,000 ಆರ್‌ಪಿಎಂಗೆ ವ್ಯಾಕ್ಯೂಮ್ ಇಲ್ಲದ ಒಟ್ಟು ಅಡ್ವಾನ್ಸ್ 34ರಿಂದ 36 ಬಂದ್ರ ಸರಿ.

ಇನ್ನ 14 ಡಿಗ್ರಿಯ ವಿಷಯ. ಕ್ರ್ಯಾಂಕಿನ ಮುಂದಿನ ತುದಿಗಿರೋ ಬ್ಯಾಲೆನ್ಸರ್ (ನಡುಕ ಹೀರೋ ಚಕ್ರ) ಅಂದ್ರ ಎರಡು ಉಂಗುರ, ನಡುವ ರಬ್ಬರ್. ರಬ್ಬರ್ ಸತ್ತ ಮ್ಯಾಲೆ ಹೊರಗಿನ ಉಂಗುರ ಜಾರ್ತದ, ಗುರುತು ಇರೂದು ಆ ಹೊರಗಿನ ಉಂಗುರದ ಮ್ಯಾಲೇ. ಲೈಟ್ ಖರೆ ಹೇಳ್ತದ, ಗುರುತು ಸುಳ್ಳ. ಪಿಸ್ಟನ್ ಸ್ಟಾಪ್ (ಪಿಸ್ಟನ್ನಿಗೆ ಅಡ್ಡ ನಿಂತು ತಡಿಯೋ ಸಾಧನ) ಮಾಡ್ಕೊಳ್ರಿ. ಹಳೇ ಪ್ಲಗ್ಗಿನ ಪಿಂಗಾಣಿ ಒಡದು ತೆಗೆದು ನಡುವ ಒಂದು ಬೋಲ್ಟ್ ವೆಲ್ಡ್ ಮಾಡ್ಸಿದ್ರ ಆತು, ಬೋಲ್ಟಿನ ತುದಿ ಗುಂಡಗಿರಬೇಕು. ಈ ಎಂಜಿನ್ನಿನ ಪ್ಲಗ್ ದಾರ 18 ಮಿ.ಮೀ., ಮಾರುತಿಯ 14 ಮಿ.ಮೀ. ಪ್ಲಗ್ ತಂದು ಕೈ ಸುಟ್ಕೋಬ್ಯಾಡ್ರಿ. ಬ್ಯಾಟರಿ ವೈರ್ ಕಿತ್ತು, ಎಂಟೂ ಪ್ಲಗ್ ತೆಗೆದು, 1ನೇ ಸಿಲಿಂಡರಿಗೆ ಸ್ಟಾಪ್ ಹಾಕ್ರಿ. ಕ್ರ್ಯಾಂಕ್ ಬೋಲ್ಟಿಗೆ 15/16 ಇಂಚಿನ ಸಾಕೆಟ್ ಹಾಕಿ ಮೆಲ್ಲಗ ಒಂದು ಕಡೆ ತಿರುಗಿಸ್ರಿ. ತಾಗಿ ನಿಂತಲ್ಲೆ ಪಾಯಿಂಟರಿಗೆ ಎದುರಾಗಿ ಗೀಟು. ಉಲ್ಟಾ ತಿರುಗಿಸ್ರಿ, ನಿಂತಲ್ಲೆ ಇನ್ನೊಂದು ಗೀಟು. ಎರಡರ ನಟ್ಟನಡುವೆ ಖರೇ ಟಿಡಿಸಿ. ಸೆಲ್ಫ್ ಮಾತ್ರ ಹೊಡೀಬ್ಯಾಡ್ರಿ, ಪಿಸ್ಟನ್ ತೂತಾಗ್ತದ.

ಸಾಕೆಟ್ ಹಾಕಿದ್ದಾಗಲೇ ಟೈಮಿಂಗ್ ಚೈನ್ (ಕ್ರ್ಯಾಂಕಿನಿಂದ ಕ್ಯಾಮ್ ತಿರುಗಿಸೋ ಸರಪಳಿ) ನೋಡ್ಕೊಳ್ರಿ, ಆದ್ರ ಸ್ಟಾಪ್ ತೆಗೆದ ಮ್ಯಾಲೆ. ಕ್ಯಾಪ್ ತೆಗೆದು, ಕ್ರ್ಯಾಂಕ್ ಒಂದು ಕಡೆ ತಿರುಗಿಸಿ ನಿಲ್ಲಿಸ್ರಿ. ಈಗ ಉಲ್ಟಾ ಮೆಲ್ಲಗ ತಿರುಗಿಸಿಕೋತ ರೋಟರ್ ಯಾವಾಗ ಅಲ್ಲಾಡ್ತದ ನೋಡ್ರಿ. ಕ್ರ್ಯಾಂಕ್ 6 ಡಿಗ್ರಿ ದಾಟಿದರೂ ರೋಟರ್ ಸುಮ್ನ ಕುಂತಿದ್ರ ಚೈನ್ ಸಡಿಲ. ಆ ಕಾಲದ ಬಹಳ 289ಗಳಲ್ಲಿ ಕ್ಯಾಮ್ ಗೇರು ಅಲ್ಯೂಮಿನಿಯಂ, ಹಲ್ಲು ನೈಲಾನಿನವು. ಸದ್ದು ಮಾಡಬಾರದು ಅಂತ ಹಂಗ ಮಾಡಿದ್ದು. ಬಿಸಿಗೆ ಒಣಗಿ ಚೂರಾಗ್ತಾವ, ಚೂರು ಹೋಗಿ ಆಯಿಲ್ ಪಂಪಿನ ಜಾಲರಿ ಮುಚ್ತಾವ. ಬದಲಿಸೂದಾದ್ರ ಡಬಲ್ ರೋಲರ್ ಚೈನು, ಎರಡೂ ಗೇರು ಉಕ್ಕಿನವು. ಮುಂದಿನ ಕವರಿನ ಕೆಲವು ಬೋಲ್ಟು ನೀರಿನ ಹಾದಿಗೆ ಹೊಕ್ಕಿರ್ತಾವ, ದಾರಕ್ಕ ಸೀಲಂಟ್ ಹಚ್ಚದಿದ್ರ ಕೂಲಂಟ್ ಆಯಿಲಿಗೆ ಸೇರ್ತದ.

ಹೊಸ ಬ್ಯಾಲೆನ್ಸರ್ ತರಿಸುವಾಗ 28 ಔನ್ಸ್ (ಒಂದು ಕಡೆಗಿನ ಹೆಚ್ಚು ತೂಕದ ಅಳತಿ) ಅಂತ ನೋಡಿ ತರಿಸ್ರಿ, ಪುಲ್ಲಿಗೆ ಮೂರು ಬೋಲ್ಟಿನದು. ಎಂಬತ್ತರ ದಶಕದ 5.0 ಎಂಜಿನ್ನಿನ 50 ಔನ್ಸಿಂದು ಕಣ್ಣಿಗೆ ಹಂಗೇ ಕಾಣ್ತದ, ಹಾಕಿದ್ರ ಗಾಡಿ ಗಡಗಡ ನಡುಗಿ ಬೇರಿಂಗ್ ತಿಂತದ.

ಮಾಹಿಮ್_ಕಮಾರೊ

ನಡುವೆ ಬಾಯಿ ಹಾಕುತ್ತೇನೆ. ನಮ್ಮದು ಚೆವಿ 350. ಇದೇ ಕ್ರಮ ನಡೆಯುತ್ತದೆಯೇ?

ಡೊಂಬಿವ್ಲಿ_ಡ್ವೆಲ್

ಮಾಹಿಮ್‌ನವರಿಗೆ: ತತ್ವ ಒಂದೇ, ಅಂಕಿ ಬೇರೆ. ಚೆವಿಯಲ್ಲಿ ಡಿಸ್ಟ್ರಿಬ್ಯೂಟರ್ ಎಂಜಿನ್ನಿನ ಹಿಂದೆ, ರೋಟರ್ ಬಲಕ್ಕೆ ತಿರುಗುತ್ತದೆ, ಆರ್ಡರ್ 1-8-4-3-6-5-7-2. ಅಲ್ಲಿ ಜಗಳ 5 ಮತ್ತು 7ರ ವೈರ್‌ಗಳದ್ದು. ಪಾಯಿಂಟ್ ಇರುವ ಚೆವಿ ಕ್ಯಾಪಿನಲ್ಲಿ ಸಣ್ಣ ಕಿಟಕಿ ಉಂಟು. ಎಂಜಿನ್ ಓಡುತ್ತಿರುವಾಗಲೇ 1/8 ಇಂಚಿನ ಅಲನ್ ಕೀ ತೂರಿಸಿ ಮಿಸ್ ಆಗುವ ತನಕ ಬಲಕ್ಕೆ ತಿರುಗಿಸಿ ಅರ್ಧ ಸುತ್ತು ಹಿಂದೆ ಬಂದರೆ ಡ್ವೆಲ್ 30ರ ಹತ್ತಿರ ಇರುತ್ತದೆ. ಫೋರ್ಡಿನವರಿಗೆ ಆ ಸುಖ ಇಲ್ಲ.

ಚಿಂಚವಾಡದವರ ಕಿಟ್ ಪ್ರಶ್ನೆಗೆ ಈಗ ಬರುವ. ಹಾಕಬಹುದು, ತಪ್ಪಲ್ಲ. ಆದರೆ ಬುಷ್ ಹಾಕಿಸುವ ಮೊದಲು ಬೇಡ. ಶಾಫ್ಟ್ ಕುಣಿಯುತ್ತಿದ್ದರೆ ಪಾಯಿಂಟ್ ಬದಲು ಆಯಸ್ಕಾಂತ ಕುಣಿಯುತ್ತದೆ, ಟೈಮಿಂಗ್ ಅಲ್ಲೇ ಅಲ್ಲಾಡುತ್ತದೆ. ಪರ್ಟ್ರಾನಿಕ್ಸ್ ಕಂಪನಿಯ ಇಗ್ನೈಟರ್ ಕಿಟ್ ಒಂದನೇ ನಮೂನೆಯದಾದರೆ ಕಪ್ಪು ವೈರ್ ಕಾಯಿಲ್ ನೆಗೆಟಿವ್‌ಗೆ, ಕೆಂಪು ವೈರ್ ಬ್ಯಾಲಸ್ಟಿಗಿಂತ ಮೊದಲು, ಪೂರ್ತಿ 12 ವೋಲ್ಟ್ ಸಿಗುವ ಕಡೆಗೆ. ಕಾಯಿಲ್ ಮಾತ್ರ ಬ್ಯಾಲಸ್ಟಿನ ಆಚೆ. ವಿ8ಗೆ ಆ ಕಿಟ್ ಕೇಳುವುದು ಕನಿಷ್ಠ 1.5 ಓಮ್ ಕಾಯಿಲ್, ನಿಮ್ಮದು 1.4, ಹಾಗಾಗಿ ಬ್ಯಾಲಸ್ಟ್ ತೆಗೆಯುವ ಮಾತೇ ಇಲ್ಲ. ಎಂಜಿನ್ ಬಂದ್ ಮಾಡಿ ಹಾಡು ಕೇಳುತ್ತಾ ಕೀ ಆನ್ ಬಿಟ್ಟರೆ ಮಾಡ್ಯೂಲ್ ಸುಡುತ್ತದೆ, ಹಾಡು ಬೇಕಾದರೆ ಕೀ ಆಕ್ಸೆಸರಿಗೆ ತಿರುಗಿಸಿ. ಅಳತೆ ಮಾಡಿಟ್ಟ ಒಂದು ಜೊತೆ ಪಾಯಿಂಟ್, ಕಂಡೆನ್ಸರ್ ಗ್ಲವ್ ಬಾಕ್ಸಿನಲ್ಲಿ ಇರಲಿ. ಖಂಡಾಲಾ ಘಾಟಿಯಲ್ಲಿ ಮಾಡ್ಯೂಲ್ ಯಾರೂ ಮಾರುವುದಿಲ್ಲ.

ಚೈನ್ ಬಿಚ್ಚಿದರೆ ಹೇಗೂ ಆಯಿಲ್ ಬದಲಿಸುತ್ತೀರಿ. ಫಿಲ್ಟರ್ ಸೇರಿ 4.7 ಲೀಟರ್ ಹಿಡಿಯುತ್ತದೆ. ಇವು ಫ್ಲ್ಯಾಟ್ ಟ್ಯಾಪೆಟ್ ಕ್ಯಾಮ್ (ಟ್ಯಾಪೆಟ್ ಕ್ಯಾಮಿನ ಮೇಲೆ ಉರುಳದೆ ಉಜ್ಜುತ್ತದೆ); ಹೊಸ ಕಾರುಗಳ ಪೆಟ್ರೋಲ್ ಆಯಿಲಿನಲ್ಲಿ ಸತುವಿನ ಅಂಶ ಕಡಿಮೆ, ಕ್ಯಾಮಿನ ಮೂಗು ಸವೆಯುತ್ತದೆ. ಲಾರಿಗೆ ಹಾಕುವ 15ಡಬ್ಲ್ಯು-40, ಸಿಐ-4 ದರ್ಜೆಯದು ಇದಕ್ಕೆ ವಾಸಿ, ಎಲ್ಲ ಕಡೆ ಸಿಗುತ್ತದೆ ಕೂಡ.

ಚಿಂಚವಾಡ_289

ಆದದ್ದು ಬರೆಯುತ್ತೇನೆ. ಡ್ಯಾಶ್ ಕೆಳಗೆ ಇಣುಕಿದರೆ ಗುಲಾಬಿ ವೈರ್ ತುಂಡಾಗಿ ಟೇಪ್ ಸುತ್ತಿಕೊಂಡಿತ್ತು, ಪಕ್ಕದಲ್ಲಿ ಹೊಸ ಕೆಂಪು ವೈರ್. 1.5 ಓಮ್ ರೆಸಿಸ್ಟರ್ ಫೈರ್‌ವಾಲಿಗೆ, ಐ ಸ್ಟಡ್‌ನಿಂದ 2.5 ಚದರ ಮಿ.ಮೀ. ವೈರ್ ಕಾಯಿಲ್‌ಗೆ. ಈಗ ಪಾಯಿಂಟ್ ಮುಚ್ಚಿದ್ದಾಗ 6.0 ವೋಲ್ಟ್. 50 ನಿಮಿಷ ಟ್ರಾಫಿಕ್‌ನಲ್ಲಿ ಓಡಿದ ಮೇಲೂ ಕಾಯಿಲ್ ಮೇಲೆ ಕೈ ಇಡಬಹುದು, ಎಲ್ಲೂ ನಿಂತಿಲ್ಲ.

ಪಿಸ್ಟನ್ ಸ್ಟಾಪ್ ಹಾಕಿ ನೋಡಿದರೆ ಖರೇ ಟಿಡಿಸಿಯಲ್ಲಿ ಪಾಯಿಂಟರ್ ತೋರಿಸುವುದು 8 ಡಿಗ್ರಿ ಮೊದಲು. ಅಂದರೆ ಇಷ್ಟು ದಿನ 14 ಅಂದುಕೊಂಡದ್ದು 6ಏ. ಚೈನಿನ ಸಡಿಲ 4 ಡಿಗ್ರಿ. ಡಿಸ್ಟ್ರಿಬ್ಯೂಟರ್ ಲೇಥಿಗೆ ಹೋಗಿದೆ, ಸರಳು ಇದ್ದಲ್ಲೇ ಇದೆ.

ಭೋಸರಿ_ಲೇಥ್

4 ಇದ್ರ ಚೈನ್ ಸದ್ಯ ಬಿಡ್ರಿ, ಮುಂದಿನ ವರ್ಷ ಮತ್ತ ಅಳೀರಿ. ಬ್ಯಾಲೆನ್ಸರ್ ಮಾತ್ರ ಬಿಡಬ್ಯಾಡ್ರಿ. ಹೊಸ ಗೀಟು ಹಾಕ್ಕೊಂಡು ಓಡಿಸ್ತೀನಿ ಅಂದ್ರ ನಡಿಯೂದಿಲ್ಲ, ಜಾರಿದ್ದು ಮತ್ತ ಜಾರ್ತದ, ಒಂದು ದಿನ ಉಂಗುರ ಕಳಚಿ ರೇಡಿಯೇಟರ್ ಸೀಳ್ತದ. ಹೊಸದು ಬರೂತನಕ 3,000 ಆರ್‌ಪಿಎಂ ದಾಟಿಸಬ್ಯಾಡ್ರಿ.